ಎಡಗಡೆ ಬಲಗಡೆ ಒಂದೇ ಥರ ಇದ್ಯಾ? ಆನ್-ರೋಡ್ ಆರ್‌ಸಿ ಕಾರ್ ಕಟ್ಟೋರ ಜೊತೆ ಒಂದಿಷ್ಟು ಮಾತು

ಆರ್‌ಸಿ ಕಾರ್, ಅಂದ್ರೆ ರೇಡಿಯೋ ರಿಮೋಟಲ್ಲಿ ಓಡ್ಸೋ ಪುಟ್ಟ ಕಾರ್, ಅಂದ ತಕ್ಷಣ ಎಲ್ರೂ ಮೊದ್ಲು ಕೇಳೋದು ಎಷ್ಟು ಸ್ಪೀಡ್ ಹೋಗತ್ತೆ ಅಂತ. ಯಾವ ಮೋಟರ್, ಎಷ್ಟು ಟರ್ನ್ (ಮೋಟರ್ ಒಳಗೆ ತಂತಿ ಎಷ್ಟು ಸುತ್ತು), ಬ್ಯಾಟ್ರಿ ಯಾವ್ದು. ಇವತ್ತು ನಾನು ಅದ್ರ ಬಗ್ಗೆ ಕಮ್ಮಿನೇ ಮಾತಾಡ್ತೀನಿ, ಬೇಜಾರಾಗ್ಬೇಡಿ. ಯಾಕಂದ್ರೆ ಟ್ರ್ಯಾಕ್ ಪಕ್ಕ ಕೂತ್ಕೊಂಡು ಸ್ಪ್ರಿಂಗ್ ಬದಲಾಯಿಸ್ತಾ, ಎಣ್ಣೆ ಬದಲಾಯಿಸ್ತಾ ತಲೆ ಕೆಡಿಸ್ಕೊಂಡಿರೋರ ಕಾರನ್ನ ಸುಮ್ನೆ ಕೈಗೆ ತಗೊಂಡು ಒಂದೊಂದು ಚಕ್ರ ಅಲ್ಲಾಡ್ಸಿ ನೋಡಿ, ಒಂದು ಆರ್ಮ್ (ಚಕ್ರನ ಕಾರಿನ ಚೌಕಟ್ಟಿಗೆ ಸೇರ್ಸೋ ತೋಳು) ತಾನಾಗೇ ಕೆಳಗೆ ಬೀಳತ್ತೆ, ಪಕ್ಕದ್ದು ಅರ್ಧಕ್ಕೇ ನಿಂತ್ಕೊಳ್ಳತ್ತೆ. ಆ ಕಾರ್ ಎಡಕ್ಕೊಂದು ಥರ ಬಲಕ್ಕೊಂದು ಥರ ತಿರುಗ್ದೆ ಇನ್ನೇನು ಮಾಡತ್ತೆ ಹೇಳಿ. ಅದು ಸೆಟಪ್ ತೊಂದ್ರೆ ಅಲ್ಲ, ಟೇಬಲ್ ಮೇಲೆ ಕಟ್ಟೋವಾಗ್ಲೇ ಆಗಿರೋ ತೊಂದ್ರೆ. ನನ್ನ ವಾದ ಇಷ್ಟೇ, ಕಾರ್ ಎರಡೂ ಕಡೆ ಒಂದೇ ಥರ ಆಗೋವರ್ಗೂ ಟ್ಯೂನಿಂಗ್ ಅನ್ನೋ ಮಾತೇ ಎತ್ತಬಾರ್ದು.

ನಾವು ಮಾತಾಡ್ತಿರೋದು 1/10 ಸ್ಕೇಲಿನ ಎಲೆಕ್ಟ್ರಿಕ್ ಟೂರಿಂಗ್ ಕಾರ್ ಬಗ್ಗೆ. ಅಗಲ ಸುಮಾರು 190 ಮಿ.ಮೀ., ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) 257 ಮಿ.ಮೀ. ಆಸುಪಾಸು, ನಾಲ್ಕೂ ಚಕ್ರಕ್ಕೆ ಡ್ರೈವ್. ಟಮಿಯಾ ಕಂಪ್ನಿ 1976ರಲ್ಲಿ ತನ್ನ ಮೊದಲ ಆರ್‌ಸಿ ಕಾರ್, 1/12 ಸ್ಕೇಲಿನ ಪೋರ್ಶೆ 934, ತಂದಾಗಿಂದ ಈ ಹವ್ಯಾಸದಲ್ಲಿ ಏನೇನೋ ಬದಲಾಗಿದೆ, ಆದ್ರೆ ಡಬ್ಬಿ ತೆಗೆದು ಪ್ಲಾಸ್ಟಿಕ್ ಚೀಲಗಳನ್ನ ಸಾಲಾಗಿ ಇಟ್ಕೊಂಡು ಕೂರೋ ಖುಷಿ ಹಾಗೇ ಇದೆ. ಹೊಸಬ್ರು ಹೆಚ್ಚಾಗಿ ಟಮಿಯಾದ ಟಿಟಿ-02 ಥರದ್ದು ತಗೋತಾರೆ, ತೊಟ್ಟಿ ಆಕಾರದ ಪ್ಲಾಸ್ಟಿಕ್ ಚಾಸಿ (ಕಾರಿನ ತಳದ ಚೌಕಟ್ಟು), ನಡುವೆ ಶಾಫ್ಟು. ರೇಸ್‌ಗೆ ಅಂತ ಮಾಡಿರೋ ಕಾರುಗಳಲ್ಲಿ ಕಾರ್ಬನ್ ಅಥ್ವಾ ಅಲ್ಯುಮಿನಿಯಂ ಪ್ಲೇಟು, ಬೆಲ್ಟ್ ಡ್ರೈವ್ ಇರತ್ತೆ. ನಾನ್ ಹೇಳೋದು ಎರಡಕ್ಕೂ ಅನ್ವಯಿಸತ್ತೆ.

ಮೊದ್ಲು ಸ್ಕ್ರೂಡ್ರೈವರ್ ವಿಷ್ಯ, ನಗಬೇಡಿ. ಜಪಾನಿ ಕಿಟ್‌ಗಳಲ್ಲಿ ಬರೋ ಪ್ಲಸ್ ಸ್ಕ್ರೂ ಜೆಐಎಸ್ (ಜಪಾನಿನ ಮಾನದಂಡ) ಅಳತೆದು, ಮನೇಲಿರೋ ಫಿಲಿಪ್ಸ್ ಸ್ಕ್ರೂಡ್ರೈವರ್ ಅದ್ರಲ್ಲಿ ಪೂರ್ತಿ ಕೂರಲ್ಲ, ಬಿಗಿ ಮಾಡೋವಾಗ ಮೇಲಕ್ಕೆ ಜಾರಿ ಜಾರಿ ಸ್ಕ್ರೂ ತಲೆ ಸವೆದು ಹೋಗತ್ತೆ, ಆಮೇಲೆ ಅದನ್ನ ಬಿಚ್ಚೋಕೆ ದೇವ್ರೇ ಬರ್ಬೇಕು. ಒಂದು ಸರಿಯಾದ ಜೆಐಎಸ್ ಡ್ರೈವರ್ ಇಟ್ಕೊಳ್ಳಿ, ಇಲ್ಲಾಂದ್ರೆ ಎಲ್ಲಾ ಸ್ಕ್ರೂನೂ ಅಲೆನ್ ಕೀ ಥರದ್ದಕ್ಕೆ ಬದಲಾಯಿಸ್ಬಿಡಿ. ಪ್ಲಾಸ್ಟಿಕ್‌ಗೆ ಸ್ಕ್ರೂ ಹಾಕೋವಾಗ ಬಿಗಿಯಾದ ತಕ್ಷಣ ನಿಲ್ಲಿಸ್ಬೇಕು, ಇನ್ನೊಂದು ಕಾಲು ಸುತ್ತು ಅಂತ ಆಸೆ ಪಟ್ರೆ ಒಳಗಿನ ಮರೆ (ಥ್ರೆಡ್) ಕಿತ್ಕೊಂಡು ಬರತ್ತೆ. ಒಂದ್ಸಲ ಬಿಚ್ಚಿದ್ ಸ್ಕ್ರೂನ ವಾಪಸ್ ಹಾಕೋವಾಗ ಮೊದ್ಲು ಉಲ್ಟಾ ತಿರುಗ್ಸಿ, "ಟಿಕ್" ಅಂತ ಸಣ್ಣದಾಗಿ ಹಳೇ ಮರೆಗೆ ಬೀಳತ್ತೆ, ಅಲ್ಲಿಂದ ಮುಂದೆ ಬಿಗಿ ಮಾಡಿ. ಥ್ರೆಡ್ ಲಾಕ್ (ಸ್ಕ್ರೂ ಸಡಿಲ ಆಗ್ದಂಗೆ ಹಿಡಿಯೋ ಅಂಟು) ಬರೀ ಲೋಹಕ್ಕೆ ಲೋಹ ಸೇರೋ ಕಡೆ ಮಾತ್ರ, ಅಂದ್ರೆ ಮೋಟರ್ ಸ್ಕ್ರೂ, ಪಿನಿಯನ್ನಿನ (ಮೋಟರ್ ಶಾಫ್ಟ್ ಮೇಲಿನ ಚಿಕ್ಕ ಗೇರ್) ಗ್ರಬ್ ಸ್ಕ್ರೂ, ಅಂಥ ಕಡೆ. ಪ್ಲಾಸ್ಟಿಕ್‌ಗೆ ತಾಗಿದ್ರೆ ಪ್ಲಾಸ್ಟಿಕ್ ಸೀಳ್ ಬಿಡತ್ತೆ.

ಬೇಸಿಕ್ ಕಿಟ್‌ಗಳಲ್ಲಿ ಚಕ್ರದ ಆಕ್ಸಲ್‌ಗೆ ಪ್ಲಾಸ್ಟಿಕ್ ಬುಶ್ ಕೊಟ್ಟಿರ್ತಾರೆ. ದುಡ್ಡು ಖರ್ಚು ಮಾಡೋದೇ ಆದ್ರೆ ಮೊದಲ ಖರ್ಚು ಬಾಲ್ ಬೇರಿಂಗ್‌ಗೇ ಇರ್ಲಿ, ಜೋರಾದ್ ಮೋಟರ್ ಆಮೇಲೆ. ಈ ಕಾರುಗಳಲ್ಲಿ ಹೆಚ್ಚಾಗಿ ಬರೋದು 1150 ಅನ್ನೋ ಸೈಜು, ಹೊರಗೆ 11 ಮಿ.ಮೀ., ಒಳಗೆ 5 ಮಿ.ಮೀ. ಬುಶ್ ಸವೆದಂಗೆ ಚಕ್ರ ಅಲ್ಲಾಡೋಕೆ ಶುರು ಆಗತ್ತೆ, ಚಕ್ರ ಅಲ್ಲಾಡಿದ್ರೆ ನೀವು ಎಷ್ಟು ಚೆನ್ನಾಗಿ ಕ್ಯಾಂಬರ್ (ಮುಂದಿನಿಂದ ನೋಡಿದ್ರೆ ಚಕ್ರ ಒಳಗೋ ಹೊರಗೋ ವಾಲಿರೋ ಕೋನ) ಇಟ್ರೂ ಅದು ಅಲ್ಲಿ ಉಳಿಯಲ್ಲ.

ಆರ್ಮ್ ಹಾಕೋದು, ಇಲ್ಲೇ ನಾನು ಸ್ವಲ್ಪ ಹೊತ್ತು ನಿಲ್ಲೋದು. ಸಸ್ಪೆನ್ಷನ್ ಆರ್ಮ್ ಪಿನ್ ಹಾಕಿದ್ ಮೇಲೆ, ಡ್ಯಾಂಪರ್ (ಸ್ಪ್ರಿಂಗ್ ಕುಣಿಯೋದನ್ನ ತಡೆಯೋ ಶಾಕ್ ಅಬ್ಸಾರ್ಬರ್) ಇನ್ನೂ ಹಾಕಿರ್ಬಾರ್ದು, ಆರ್ಮನ್ನ ಮೇಲೆತ್ತಿ ಕೈ ಬಿಡಿ. ತನ್ನ ತೂಕಕ್ಕೇ ಅದು ಪಟ್ ಅಂತ ಕೆಳಗೆ ಬೀಳ್ಬೇಕು. ಬೀಳ್ಲಿಲ್ಲ ಅಂದ್ರೆ ಪಿನ್ ಹೋಗೋ ತೂತಿನ ಒಳಗೆ ಮೋಲ್ಡಿಂಗ್‌ನ ಚೂರು ಇರತ್ತೆ, ಅಳತೆಗೆ ಸರಿಯಾದ ರೀಮರ್ ಅಥ್ವಾ ಡ್ರಿಲ್ ಬಿಟ್ಟನ್ನ ಕೈಯಲ್ಲೇ ಹಿಡ್ಕೊಂಡು ನಿಧಾನಕ್ಕೆ ತಿರುಗ್ಸಿದ್ರೆ ಹೋಗತ್ತೆ. ಹಂಗಂತ ಜಾಸ್ತಿ ತೆಗೆದ್ರೆ ಆರ್ಮ್ ಲೊಡಲೊಡ ಅನ್ನತ್ತೆ, ಹಿಂದೆಮುಂದೆ ಅಲ್ಲಾಡ್ಬಾರ್ದು, ಮೇಲೆಕೆಳಗೆ ಮಾತ್ರ ಸಲೀಸಾಗಿ ಓಡಾಡ್ಬೇಕು. ನಾಲ್ಕು ಆರ್ಮ್‌ಗೂ ಇದೇ ಪರೀಕ್ಷೆ. ಬಾಲ್ ಎಂಡ್‌ಗಳೂ (ಲಿಂಕ್ ಕಡ್ಡಿಗಳ ತುದೀಲಿ ಗುಂಡಿನ ಮೇಲೆ ಕೂರೋ ಬಟ್ಟಲು) ಅಷ್ಟೇ, ಬಾಲ್ ಮೇಲೆ ಒತ್ತಿ ಕೂರ್ಸಿದ್ ಮೇಲೆ ಬಿಗಿ ಅನ್ಸಿದ್ರೆ ಪ್ಲಯರ್ಸ್‌ನಲ್ಲಿ ಒಂಚೂರು ಒತ್ತಿ ಬಿಟ್ರೆ ಸಡಿಲ ಆಗತ್ತೆ. ಟರ್ನ್‌ಬಕಲ್ (ತಿರುಗ್ಸಿದ್ರೆ ಉದ್ದ ಬದಲಾಗೋ ಲಿಂಕ್ ಕಡ್ಡಿ) ಇದ್ರೆ ಅದ್ರ ಒಂದು ತುದಿ ಉಲ್ಟಾ ಮರೆ, ಗುರುತಿಗೆ ಅಂತ ಒಂದು ಗೀರು ಇರತ್ತೆ. ಎಲ್ಲಾ ಟರ್ನ್‌ಬಕಲ್‌ನೂ ಆ ಗೀರು ಒಂದೇ ಕಡೆ, ಉದಾಹರಣೆಗೆ ಎಲ್ಲಾದೂ ಎಡಕ್ಕೆ, ಬರೋ ಥರ ಹಾಕಿ. ಇಲ್ಲಾಂದ್ರೆ ಆಮೇಲೆ ಗಡಿಬಿಡಿಲಿ ಸ್ಪ್ಯಾನರ್ ಹಿಡ್ಕೊಂಡು ಯಾವ ಕಡೆ ತಿರುಗ್ಸಿದ್ರೆ ಉದ್ದ ಆಗತ್ತೆ ಅಂತ ಪ್ರತಿ ಸಲ ಯೋಚ್ನೆ ಮಾಡ್ತಾ ನಿಂತಿರ್ತೀರಿ.

ಡ್ಯಾಂಪರ್. ಎಷ್ಟೋ ಬೇಸಿಕ್ ಕಿಟ್‌ಗಳಲ್ಲಿ ಎಣ್ಣೆ ಇಲ್ದೇ ಇರೋ ಫ್ರಿಕ್ಷನ್ ಡ್ಯಾಂಪರ್ ಬರತ್ತೆ, ಅದು ಸ್ಪ್ರಿಂಗ್ ಹಿಡ್ಕೊಳ್ಳೋ ಕಡ್ಡಿ ಅಷ್ಟೇ, ಡ್ಯಾಂಪರ್ ಅಂತ ಕರೆಯೋಕೆ ನಂಗೆ ಮನಸ್ಸು ಬರಲ್ಲ. ಎಣ್ಣೆದು ಹಾಕಿ. ಒಳಗೆ ಸಿಲಿಕೋನ್ ಎಣ್ಣೆ, ಟೂರಿಂಗ್ ಕಾರ್‌ಗೆ ಸಾಮಾನ್ಯವಾಗಿ 300ರಿಂದ 500 ನಂಬರ್ ನಡುವೆ ಓಡತ್ತೆ, ನಂಬರ್ ಜಾಸ್ತಿ ಆದಷ್ಟೂ ಎಣ್ಣೆ ಮಂದ. ಪಿಸ್ಟನ್ ಕೆಳಗೆ ಎಳೆದು ಎಣ್ಣೆ ತುಂಬಿ, ನಿಧಾನಕ್ಕೆ ಮೇಲೆಕೆಳಗೆ ಮಾಡಿ, ಪಿಸ್ಟನ್ ತೂತುಗಳಿಂದ ಗುಳ್ಳೆ ಏಳತ್ತೆ, ಆಮೇಲೆ ಸುಮ್ನೆ ಬಿಟ್ಬಿಡಿ, ಎದ್ದು ಹೋಗಿ ಬೇರೆ ಕೆಲ್ಸ ಮಾಡಿ. ಗುಳ್ಳೆ ಪೂರ್ತಿ ಮೇಲೆ ಬಂದು ಒಡೆಯೋಕೆ ಟೈಮ್ ಬೇಕು. ಮುಚ್ಚಳ ಹಾಕಿದ್ ಮೇಲೆ ಶಾಫ್ಟ್‌ನ ಪೂರ್ತಿ ಒಳಗೆ ತಳ್ಳಿ ಬಿಟ್ಟು ನೋಡಿ, ಎಷ್ಟು ಹೊರಗೆ ಬರತ್ತೆ ಅಂತ. ಇದೇ ರಿಬೌಂಡ್. ಎಷ್ಟು ಬರ್ಬೇಕು ಅನ್ನೋದು ನಿಮ್ಮಿಷ್ಟ, ಮುಖ್ಯ ಏನಂದ್ರೆ ಮುಂದಿನ ಎರಡೂ ಒಂದೇ ಥರ ಬರ್ಬೇಕು, ಹಿಂದಿನ ಎರಡೂ ಒಂದೇ ಥರ ಬರ್ಬೇಕು. ಎರಡನ್ನೂ ಒಂದಕ್ಕೊಂದು ತಲೆಕೆಳಗಾಗಿ ಶಾಫ್ಟ್ ತುದಿ ಒತ್ತಿ ಹಿಡ್ದು ತಳ್ಳಿ ನೋಡಿ, ಯಾವ್ದು ಮೊದ್ಲು ಸೋಲತ್ತೆ ಅಂತ ಕೈಗೇ ಗೊತ್ತಾಗತ್ತೆ. ಉದ್ದಾನೂ ಕ್ಯಾಲಿಪರ್‌ನಲ್ಲಿ ಅಳೆದು ಸರಿ ಮಾಡ್ಕೊಳ್ಳಿ, ಕಾಲು ಮಿ.ಮೀ. ವ್ಯತ್ಯಾಸಾನೂ ನೆಲದಿಂದ 5 ಮಿ.ಮೀ. ಎತ್ತರದಲ್ಲಿ ಓಡೋ ಕಾರ್‌ಗೆ ಸಣ್ಣದಲ್ಲ.

ಗೇರ್ ಡಿಫ್‌ಗೆ (ತಿರುವಲ್ಲಿ ಎಡ ಬಲ ಚಕ್ರ ಬೇರೆಬೇರೆ ವೇಗದಲ್ಲಿ ಸುತ್ತೋಕೆ ಬಿಡೋ ಡಿಫರೆನ್ಷಿಯಲ್) ಹಾಕೋ ಎಣ್ಣೆ ಬೇರೆ, ಅದು ಸಾವಿರಗಳ ಲೆಕ್ಕ, 3000, 5000, 10000 ಹೀಗೆ, ಜೇನುತುಪ್ಪದ ಥರ ಇಳಿಯತ್ತೆ. ಅಂದಾಜಲ್ಲಿ ತುಂಬಬೇಡಿ, ಖಾಲಿ ಡಿಫ್ ತೂಕ ನೋಡಿ, ಎಣ್ಣೆ ತುಂಬಿದ್ ಮೇಲೆ ತೂಕ ಬರ್ಕೊಂಡಿಟ್ಕೊಳ್ಳಿ, ಮುಂದಿನ ಸಲ ಅಷ್ಟೇ ಹಾಕಿದ್ರೆ ಅದೇ ಡಿಫ್ ವಾಪಸ್ ಬರತ್ತೆ.

ಪಿನಿಯನ್ನಿಗೂ ಅದು ತಿರುಗ್ಸೋ ದೊಡ್ಡ ಗೇರ್ ಸ್ಪರ್‌ಗೂ ನಡುವಿನ ಮೆಶ್‌ಗೆ (ಹಲ್ಲುಗಳು ಎಷ್ಟು ಬಿಗಿಯಾಗಿ ಕೂರತ್ತೆ ಅನ್ನೋದಕ್ಕೆ) ಹಳೇ ಉಪಾಯನೇ ಸಾಕು, ತೆಳು ಕಾಗದದ ಪಟ್ಟಿ ನಡುವೆ ಹಾಕಿ ಮೋಟರ್ ಒತ್ತಿ ಸ್ಕ್ರೂ ಬಿಗಿ ಮಾಡಿ ಕಾಗದ ತಿರುಗ್ಸಿ ತೆಗೀರಿ. ಸ್ಪರ್ ಪೂರ್ತಿ ಒಂದು ಸುತ್ತು ತಿರುಗ್ಸಿ ನೋಡಿ, ಒಂದೇ ಜಾಗದಲ್ಲಿ ಬಿಗಿ ಆದ್ರೆ ಗೇರ್ ಸೊಟ್ಟ. ಟಿಟಿ-02ರಲ್ಲಿ ಮೋಟರ್ ಹಿಂದೆಮುಂದೆ ಸರಿಸಿ ಕೂರ್ಸೋ ಸ್ವಾತಂತ್ರ್ಯ ಕಮ್ಮಿ, ಪಿನಿಯನ್ ಹಲ್ಲಿಗೆ ತಕ್ಕಂತೆ ತೂತು ಆರಿಸ್ಕೋಬೇಕು, ಮ್ಯಾನುಯಲ್ ನೋಡಿ. ಸರ್ವೋ (ಸ್ಟಿಯರಿಂಗ್ ತಿರುಗ್ಸೋ ಪುಟ್ಟ ಮೋಟರ್) ವಿಷ್ಯಕ್ಕೆ ಒಂದೇ ಮಾತು, ಅದ್ರ ತೋಳು, ಅಂದ್ರೆ ಹಾರ್ನ್, ಅದ್ರ ಸ್ಕ್ರೂ ಹಾಕೋ ಮುಂಚೆ ಟ್ರಾನ್ಸ್‌ಮಿಟರ್ ಆನ್ ಮಾಡಿ ಟ್ರಿಮ್ ಸೊನ್ನೆ ಮಾಡಿ ಸರ್ವೋಗೆ ಕರೆಂಟ್ ಕೊಟ್ಟು ಅದನ್ನ ನಡುವಿಗೆ ತನ್ನಿ. ಆಮೇಲೆ ಹಾರ್ನ್.

ಇನ್ನು ಬಣ್ಣ. ಇದು ಕೆಲವ್ರಿಗೆ ಶಿಕ್ಷೆ, ಕೆಲವ್ರಿಗೆ ಇಡೀ ಹವ್ಯಾಸನೇ ಇದು, ನಾನು ಎರಡನೇ ಗುಂಪು.

ಬಾಡಿ ಬರೋದು ಪಾರದರ್ಶಕ ಪಾಲಿಕಾರ್ಬನೇಟ್‌ನಲ್ಲಿ, ಲೆಕ್ಸಾನ್ ಅಂತಾರೆ. ಬಣ್ಣ ಹೊಡೆಯೋದು ಒಳಗಡೆಯಿಂದ. ಹಾಗಾಗಿ ಎಲ್ಲಾ ಉಲ್ಟಾ. ಗೋಡೆಗೆ ಬಣ್ಣ ಹೊಡೆದ್ರೆ ಕೊನೇ ಕೋಟ್ ಕಾಣತ್ತೆ, ಇಲ್ಲಿ ಮೊದಲ ಕೋಟೇ ಜಗತ್ತಿಗೆ ಕಾಣೋದು, ಮಿಕ್ಕಿದ್ದೆಲ್ಲ ಅದ್ರ ಬೆನ್ನಿಗೆ. ಡಿಸೈನ್ ಯೋಚ್ನೆ ಮಾಡೋವಾಗ ಇದನ್ನ ತಲೇಲಿ ಇಟ್ಕೊಳ್ಳಿ, ಎದುರಿಗೆ ಕಾಣ್ಬೇಕಾದ ಪಟ್ಟೆ ಮೊದ್ಲು, ಹಿನ್ನೆಲೆ ಬಣ್ಣ ಆಮೇಲೆ. ಸಾಮಾನ್ಯವಾಗಿ ಗಾಢ ಬಣ್ಣ ಮೊದ್ಲು, ತಿಳಿ ಬಣ್ಣ ಆಮೇಲೆ, ಯಾಕಂದ್ರೆ ತಿಳಿ ಬಣ್ಣದ ಹಿಂದೆ ಕಪ್ಪು ಹೊಡೆದ್ರೆ ಅದು ಒಳಗಿಂದ ಇಣುಕಿ ಬಿಳಿನ ಬೂದು ಮಾಡ್ಬಿಡತ್ತೆ. ಬಿಳಿ ಮೊದ್ಲು ಬರ್ಲೇಬೇಕು ಅಂದ್ರೆ ನಡುವೆ ಬೆಳ್ಳಿ ಬಣ್ಣದ ಕೋಟ್ ಒಂದು ಕೊಡಿ, ಅದು ತಡೆ ಹಾಕತ್ತೆ. ಫ್ಲೋರೊಸೆಂಟ್ ಬಣ್ಣಗಳಿಗೆ ಬೆನ್ನಿಗೆ ಬಿಳಿ ಇಲ್ದಿದ್ರೆ ಹೊಳಪೇ ಬರಲ್ಲ.

ಯಾವ ಪೇಂಟ್ ಅಂತ ಕೇಳ್ದೆ ತಗೋಬೇಡಿ. ಪಾಲಿಕಾರ್ಬನೇಟ್‌ಗೆ ಅಂತಾನೇ ಬರೋದು ಬೇಕು. ಟಮಿಯಾದಲ್ಲಾದ್ರೆ ಪಿಎಸ್ ಅಂತ ಶುರುವಾಗೋ ನಂಬರ್, ಪಿಎಸ್-1 ಬಿಳಿ, ಪಿಎಸ್-5 ಕಪ್ಪು, ಪಿಎಸ್-12 ಬೆಳ್ಳಿ. ಅದೇ ಕಂಪ್ನಿ ಟಿಎಸ್ ಡಬ್ಬಿ ಗಟ್ಟಿ ಪ್ಲಾಸ್ಟಿಕ್ ಮಾಡೆಲ್‌ಗೆ, ನೋಡೋಕೆ ಒಂದೇ ಥರ, ಅದನ್ನ ಬಾಡಿಗೆ ಹೊಡೆದ್ರೆ ಮೊದಲ ಡಿಕ್ಕಿಗೇ ಹಪ್ಪಳ ಥರ ಅಲ್ಲ, ಹಾಳೆ ಹಾಳೆಯಾಗಿ ಕಿತ್ಕೊಂಡು ಬರತ್ತೆ. ಪಾಲಿಕಾರ್ಬನೇಟ್ ಪೇಂಟ್ ಬಾಡಿ ಜೊತೆ ಬಾಗತ್ತೆ, ಅದೇ ಅದ್ರ ಗುಣ.

ಕೆಲ್ಸ ಶುರು ಮಾಡೋಕ್ ಮುಂಚೆ ಬಾಡಿನ ಚಾಸಿ ಮೇಲೆ ಕೂರ್ಸಿ ಪೋಸ್ಟ್ (ಬಾಡಿ ಹಿಡ್ಕೊಳ್ಳೋ ಕಂಬ) ಎಲ್ಲಿ ಬರತ್ತೆ, ಚಕ್ರ ಕಮಾನಿನ ನಡುವೆ ಇದ್ಯಾ ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿ. ಬಣ್ಣ ಆದ್ ಮೇಲೆ ಆರ್‌ಪಾರ್ ಕಾಣಲ್ಲ, ಆಗ ತೂತು ಎಲ್ಲಿ ಅಂತ ಅಂದಾಜು ಮಾಡೋದು ಜೂಜು. ಆಮೇಲೆ ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ಒಳಗಡೆ ಚೆನ್ನಾಗಿ ತೊಳೀರಿ, ಅಚ್ಚಿನಿಂದ ಬಂದ ಜಿಡ್ಡು, ಬೆರಳಿನ ಜಿಡ್ಡು ಹೋಗ್ಬೇಕು, ಒಣಗಿದ್ ಮೇಲೆ ಒಳಗೆ ಕೈ ಹಾಕ್ಬೇಡಿ. ಹೊರಗಿನ ರಕ್ಷಣಾ ಫಿಲ್ಮ್ ಮಾತ್ರ ಮುಟ್ಟಲೇಬೇಡಿ, ಅದು ಎಲ್ಲಾ ಮುಗಿದ್ ಮೇಲೆ.

ಕಿಟಕಿ ಮಾಸ್ಕ್ ಒಳಗಡೆ ಅಂಟ್ಸಿ, ಅಂಚನ್ನ ಉಗುರಲ್ಲಿ ಅಲ್ಲ, ಬಟ್ಟೆ ಸುತ್ತಿದ ಬೆರಳಲ್ಲಿ ಒತ್ತಿ. ಮೊದಲ ಕೋಟ್ ಮಂಜು ಕವಿದಂಗೆ ಇರ್ಬೇಕು, ಬಣ್ಣ ಬಂತಾ ಅಂತಾನೇ ಅನುಮಾನ ಬರೋ ಅಷ್ಟು ತೆಳು. ಅದು ಮಾಸ್ಕಿನ ಅಂಚನ್ನ ಮುಚ್ಚತ್ತೆ, ಆಮೇಲಿನ ಕೋಟ್ ಕೆಳಗೆ ನುಸುಳಲ್ಲ. ಒಂದೇ ಸಲಕ್ಕೆ ಮುಗಿಸೋ ಆತುರದಲ್ಲಿ ದಪ್ಪ ಹೊಡೆದ್ರೆ ಮೂಲೆಯಲ್ಲಿ ನಿಲ್ಲತ್ತೆ, ಸೋರತ್ತೆ, ಒಣಗೋವಾಗ ಸುಕ್ಕಾಗತ್ತೆ. ಡಬ್ಬಿ ತಣ್ಣಗಿದ್ರೆ ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಡಿ, ಸ್ಪ್ರೇ ನಯವಾಗಿ ಬರತ್ತೆ, ಕುದಿಯೋ ನೀರಿಗೆ ಮಾತ್ರ ಹಾಕ್ಬೇಡಿ, ಡಬ್ಬಿ ಸಿಡಿಯತ್ತೆ. ಗಾಳಿ ಆಡೋ ಜಾಗ, ಮುಖಕ್ಕೆ ಸರಿಯಾದ ಮಾಸ್ಕ್. ಪೇಂಟಿಗೂ ತೂಕ ಇದೆ, ಅದೂ ಕಾರಿನ ಅತೀ ಎತ್ತರದ ಭಾಗದಲ್ಲಿ, ಹಾಗಾಗಿ ತೆಳು ಕೋಟ್ ಅನ್ನೋದು ಬರೀ ಅಂದದ ಮಾತಲ್ಲ.

ಮಾಸ್ಕ್ ತೆಗೆಯೋ ಕ್ಷಣ ನಂಗೆ ಇಡೀ ಕೆಲ್ಸದಲ್ಲಿ ಇಷ್ಟ. ಪೇಂಟ್ ಒಣಗಿದ್ ಮೇಲೆ ಟೇಪಿನ ಅಂಚಲ್ಲಿ ಹೊಸ ಬ್ಲೇಡಿಂದ ಪೇಂಟನ್ನ ಮಾತ್ರ ಹಗುರಾಗಿ ಗೀರಿ, ಟೇಪ್ ತುದಿ ಎತ್ತಿ, ನೇರ ಮೇಲಕ್ಕೆ ಎಳೀಬೇಡಿ, ಪೂರ್ತಿ ಹಿಂದಕ್ಕೆ ಮಡಚಿ ಬಾಡಿಗೆ ಹತ್ತಿರದಲ್ಲೇ ಎಳ್ಕೊಂಡು ಬನ್ನಿ. ಅಂಚು ಗೆರೆ ಹೊಡೆದಂಗೆ ಬರತ್ತೆ. ಕಿಟಕಿಗೆ ಕಪ್ಪು ಛಾಯೆ ಬೇಕು ಅಂದ್ರೆ ಈಗ ಪಿಎಸ್-31 ಸ್ಮೋಕ್ ಒಂದು ತೆಳು ಕೋಟ್.

ಕತ್ತರಿಸೋಕೆ ಎಲ್ಲಾ ಕಡೆ ಕತ್ರಿ ಬೇಡ. ನೇರ ಗೆರೆಗಳಲ್ಲಿ ಬ್ಲೇಡಿಂದ ಅರ್ಧ ಆಳಕ್ಕೆ ಗೀರಿ, ಹಿಂದೆಮುಂದೆ ಬಗ್ಗಿಸಿದ್ರೆ ಗೀರಿನ ಉದ್ದಕ್ಕೂ ತಾನೇ ಬಿಟ್ಕೊಳ್ಳತ್ತೆ. ಚಕ್ರದ ಕಮಾನಿಗೆ ಬಾಗಿದ ಕತ್ರಿ, ಪೋಸ್ಟ್ ತೂತಿಗೆ ಬಾಡಿ ರೀಮರ್. ಅಂಚಿಗೆ ಮರಳು ಕಾಗದ ಹಚ್ಚಿ, ಅಲ್ಲಿ ಉಳಿದ ಸಣ್ಣ ಕಚ್ಚೇ ನಾಳೆ ಬಿರುಕು. ಬಿರುಕು ಬಿಟ್ಟಿದ್ರೆ ಅದ್ರ ತುದೀಲಿ ಸಣ್ಣ ತೂತು ಕೊರೀರಿ, ಮುಂದಕ್ಕೆ ಹೋಗಲ್ಲ, ಒಳಗಿಂದ ಜಾಲರಿ ಟೇಪ್ ಇಟ್ಟು ರಬ್ಬರ್ ಥರ ಒಣಗೋ ಶೂ ಅಂಟು ಹಚ್ಚಿ.

ಸರಿ, ಈಗ ಓಡ್ಸೋದು. ಮಧ್ಯೆ ಒಂದು ಮಾತು ಹೇಳ್ಬಿಡ್ತೀನಿ, "ನನ್ ಕಾರ್ ಗಂಟೆಗೆ 60 ಕಿ.ಮೀ. ಹೋಗತ್ತೆ, 1/10 ಸ್ಕೇಲ್ ಅಲ್ವಾ, ಅಂದ್ರೆ ನಿಜವಾದ ಕಾರ್ ಲೆಕ್ಕದಲ್ಲಿ 600" ಅಂತ ಹೇಳ್ಕೊಳ್ಳೋದಿದ್ಯಲ್ಲ, ಅದನ್ನ ದಯವಿಟ್ಟು ಬಿಟ್ಬಿಡಿ. ಕಾರ್ ಚಿಕ್ಕದಾಯ್ತು ಅಂತ ಭೂಮಿ ಎಳೆಯೋದು ಹತ್ತನೇ ಒಂದು ಭಾಗ ಆಗಲ್ಲ. ಗಂಟೆಗೆ 36 ಕಿ.ಮೀ. ಅಂದ್ರೆ ಸೆಕೆಂಡಿಗೆ 10 ಮೀಟರ್, ಆ ವೇಗದಲ್ಲಿ 10 ಮೀಟರ್ ತ್ರಿಜ್ಯದ ತಿರುವು ತಗೊಂಡ್ರೆ ಟೈರ್ ಮೇಲೆ ಪಕ್ಕಕ್ಕೆ ಬೀಳೋ ಭಾರ ಹೆಚ್ಚುಕಮ್ಮಿ ಕಾರಿನ ತೂಕದಷ್ಟೇ. ತಿರುವು ಇನ್ನೂ ಬಿಗಿಯಾದ್ರೆ ಇನ್ನೂ ಜಾಸ್ತಿ. ಅದನ್ನೆಲ್ಲ ತಡ್ಕೊಳ್ಳೋದು ನಾಲ್ಕು ಪುಟ್ಟ ರಬ್ಬರ್ ತುಂಡುಗಳು, ಹಾಗಾಗಿ ಟ್ಯೂನಿಂಗ್ ಶುರು ಆಗೋದು ಟೈರಿಂದ. ಟೈರ್ ರಿಮ್ಮಿಗೆ ಪೂರ್ತಿ ಅಂಟಿದ್ಯಾ ಅಂತ ಬೆರಳಲ್ಲಿ ಬಿಡಿಸಿ ನೋಡಿ, ಒಂದು ಕಡೆ ಸೂಪರ್ ಗ್ಲೂ ಬಿಟ್ಟಿದ್ರೂ ತಿರುವಲ್ಲಿ ಟೈರ್ ಉಬ್ಬತ್ತೆ, ನೀವು ಸ್ಪ್ರಿಂಗ್ ಬೈತಾ ಇರ್ತೀರಿ.

ಆಮೇಲೆ ಟ್ವೀಕ್ ಪರೀಕ್ಷೆ, ಅಂದ್ರೆ ಚಾಸಿ ತಿರುಚಿದ್ಯಾ ಅಂತ ನೋಡೋದು. ಸಮತಟ್ಟಾದ ಹಲಗೆ ಅಥ್ವಾ ಗಾಜಿನ ಮೇಲೆ ಬ್ಯಾಟ್ರಿ ಸಮೇತ ಕಾರ್ ಇಡಿ, ಮುಂದಿನ ಬಂಪರ್ ಸರಿಯಾಗಿ ನಡುವಲ್ಲಿ ಚಾಕು ತುದಿ ಕೊಟ್ಟು ನಿಧಾನಕ್ಕೆ ಎತ್ತಿ. ಎರಡೂ ಚಕ್ರ ಒಟ್ಟಿಗೆ ನೆಲ ಬಿಡ್ಬೇಕು. ಹಿಂದೆನೂ ಹಾಗೇ. ಒಂದು ಮೊದ್ಲು ಎದ್ರೆ ಚಾಸಿ ತಿರುಚಿದೆ, ಮೇಲಿನ ಡೆಕ್ಕಿನ ಸ್ಕ್ರೂ ಎಲ್ಲಾ ಸಡಿಲ ಮಾಡಿ ಸಮತಟ್ಟಾಗಿ ಒತ್ತಿ ಮತ್ತೆ ಬಿಗಿ ಮಾಡಿ. ಅದ್ರಲ್ಲೂ ಹೋಗ್ಲಿಲ್ಲ ಅಂದ್ರೆ ಆಗ ಮಾತ್ರ ಸ್ಪ್ರಿಂಗ್ ಕಾಲರ್ (ಸ್ಪ್ರಿಂಗ್ ಒತ್ತಿ ಹಿಡಿಯೋ ಬಳೆ) ಮುಟ್ಟಿ.

ಇದೆಲ್ಲ ಸರಿ ಇದ್ರೆ ಶುರು ಮಾಡೋಕೆ ಅಂಕಿಗಳು ಎಲ್ರಿಗೂ ಹೆಚ್ಚುಕಮ್ಮಿ ಒಂದೇ. ರೈಡ್ ಹೈಟ್ (ನೆಲದಿಂದ ಚಾಸಿ ಎತ್ತರ) 5ರಿಂದ 5.5 ಮಿ.ಮೀ., ನೆಲ ಒರಟಾದ್ರೆ ಇನ್ನೂ ಸ್ವಲ್ಪ ಮೇಲೆ. ಕ್ಯಾಂಬರ್ ನೆಗೆಟಿವ್ (ಚಕ್ರದ ಮೇಲ್ಭಾಗ ಒಳಗೆ ವಾಲಿ) 1.5 ಡಿಗ್ರಿ ಆಸುಪಾಸು. ಹಿಂದೆ ಟೋ-ಇನ್ (ಮೇಲಿಂದ ನೋಡಿದ್ರೆ ಚಕ್ರದ ಮುಂಭಾಗ ಒಳಗೆ ತಿರುಗಿರೋದು) 2ರಿಂದ 3 ಡಿಗ್ರಿ, ಮುಂದೆ ಸೊನ್ನೆ ಅಥ್ವಾ ಒಂಚೂರು ಟೋ-ಔಟ್ (ಹೊರಗೆ ತಿರುಗಿರೋದು). ಕೆಲವು ಬೇಸಿಕ್ ಕಾರಲ್ಲಿ ಮೇಲಿನ ಲಿಂಕ್ ಉದ್ದ ಬದಲಾಗಲ್ಲ, ಟರ್ನ್‌ಬಕಲ್ ಸೆಟ್ ಹಾಕೋವರ್ಗೂ ಕ್ಯಾಂಬರ್ ಚಿಂತೆ ಬಿಡಿ. ಟೈರ್ ಒಳಅಂಚು ಹೊರಅಂಚಿಗಿಂತ ಬೇಗ ಸವೀತಿದ್ರೆ ಕ್ಯಾಂಬರ್ ಜಾಸ್ತಿ ಆಯ್ತು ಅಂತ ಅರ್ಥ, ಗೇಜಿಗಿಂತ ಟೈರ್ ಮಾತು ನಂಬಿ.

ಕಾರ್ ತಿರುಗ್ತಿಲ್ಲ ಅಂತ ಬಂದು ಹೇಳ್ತಾರೆ. ಎಲ್ಲಿ ತಿರುಗ್ತಿಲ್ಲ? ಥ್ರಾಟಲ್ ಬಿಟ್ಟು ಒಳಗೆ ಹೋಗೋವಾಗ್ಲಾ, ನಡುವೆನಾ, ಥ್ರಾಟಲ್ ಕೊಟ್ಟು ಹೊರಗೆ ಬರೋವಾಗ್ಲಾ? ಮೂರಕ್ಕೂ ಔಷಧಿ ಬೇರೆ. ಥ್ರಾಟಲ್ ಕೊಟ್ಟಾಗ ತೂಕ ಹಿಂದಕ್ಕೆ ವಾಲತ್ತೆ, ಮುಂದಿನ ಚಕ್ರ ಹಗುರ ಆಗತ್ತೆ, ಕಾರ್ ಅಗಲಕ್ಕೆ ಓಡತ್ತೆ. ಆಗ ಮುಂದಿನ ಡ್ರೂಪ್ (ಆರ್ಮ್ ಕೆಳಗೆ ಎಷ್ಟು ಇಳಿಯಬಹುದು ಅನ್ನೋದು) ಕಮ್ಮಿ ಮಾಡಿ ನೋಡ್ಬಹುದು, ಮೂತಿ ಅಷ್ಟು ಮೇಲೆ ಏಳಲ್ಲ. ನಡುವಲ್ಲಿ ತಳ್ತಾ ಇದ್ರೆ ಮುಂದಿನ ಸ್ಪ್ರಿಂಗ್ ಮೆದು ಮಾಡಿ ಅಥ್ವಾ ಹಿಂದಿಂದು ಗಟ್ಟಿ ಮಾಡಿ. ಹಿಂದಗಡೆ ಜಾರ್ತಿದ್ರೆ ಇದ್ರ ಉಲ್ಟಾ. ಕಾರ್ಪೆಟ್ ಟ್ರ್ಯಾಕಲ್ಲಿ ತೊಂದ್ರೆ ಇನ್ನೊಂದು ಥರ, ಹಿಡಿತ ಎಷ್ಟು ಜಾಸ್ತಿ ಅಂದ್ರೆ ತಿರುವಲ್ಲಿ ಕಾರ್ ಮಗುಚ್ಕೊಳ್ಳತ್ತೆ. ಅಲ್ಲಿನ ರೇಸರ್‌ಗಳು ಮುಂದಿನ ಟೈರ್‌ಗಳ ಹೊರಗಿನ ಗೋಡೆಗೆ ಸೂಪರ್ ಗ್ಲೂ ತೆಳುವಾಗಿ ಸವರಿ ಒಣಗಿಸ್ತಾರೆ, ಗೋಡೆ ಗಟ್ಟಿಯಾಗಿ ಕಚ್ಚದೆ ಜಾರತ್ತೆ. ಮೊದಲ ಸಲ ನೋಡಿದೋರಿಗೆ ಹೊಸ ಟೈರ್ ಹಾಳು ಮಾಡ್ತಿದ್ದಾರೆ ಅನ್ಸತ್ತೆ.

ಏನೇ ಬದಲಾಯಿಸಿ, ಒಂದ್ಸಲಕ್ಕೆ ಒಂದೇ. ಎರಡು ಒಟ್ಟಿಗೆ ಮಾಡಿ ಚೆನ್ನಾಗಾಯ್ತು ಅಂದ್ರೆ ಯಾವ್ದರಿಂದ ಅಂತ ಹೇಗೆ ಹೇಳ್ತೀರಿ? ಮೊದ್ಲು ಟ್ರಾನ್ಸ್‌ಮಿಟರಲ್ಲೇ ಸ್ಟಿಯರಿಂಗ್ ಡ್ಯುಯಲ್ ರೇಟ್ (ಚಕ್ರ ಅತೀ ಹೆಚ್ಚು ಎಷ್ಟು ತಿರುಗ್ಬೇಕು ಅನ್ನೋ ಮಿತಿ) ಕಮ್ಮಿ ಮಾಡಿ ನೋಡಿ, ಎಷ್ಟೋ ಸಲ ಚಕ್ರ ಜಾಸ್ತಿ ತಿರುಗ್ಸಿ ಮುಂದಿನ ಟೈರ್ ಉಜ್ಜಿಸಿಕೊಂಡು ಹೋಗ್ತಿರ್ತೀವಿ.

ಗೇರಿಂಗ್ ಲೆಕ್ಕ ಬೇಗ ಹೇಳ್ಬಿಡ್ತೀನಿ. ಸ್ಪರ್ ಹಲ್ಲನ್ನ ಪಿನಿಯನ್ ಹಲ್ಲಿಂದ ಭಾಗಿಸಿ ಕಾರಿನ ಒಳಗಿನ ರೇಶಿಯೋದಿಂದ ಗುಣಿಸಿ. ಟಿಟಿ-02ರಲ್ಲಿ ಒಳಗಿನದು 2.6, ಕಿಟ್ಟಲ್ಲಿ 70ರ ಸ್ಪರ್, 22ರ ಪಿನಿಯನ್, ಬಂದಿದ್ದು 8.27. ಪಿನಿಯನ್ 24 ಆದ್ರೆ 7.58. ಅಂಕಿ ಕಮ್ಮಿ ಆದಂಗೆ ನೇರ ರಸ್ತೇಲಿ ವೇಗ ಜಾಸ್ತಿ, ಮೋಟರ್‌ಗೆ ಹೊರೆನೂ ಜಾಸ್ತಿ. ಒಂದೊಂದೇ ಹಲ್ಲು ಏರಿಸಿ, ಐದು ನಿಮಿಷ ಓಡ್ಸಿ ತಂದು ಮೋಟರ್ ಬಿಸಿ ಅಳೀರಿ, 80 ಡಿಗ್ರಿ ಹತ್ರ ಬಂದ್ರೆ ವಾಪಸ್ ಇಳಿಸಿ, ಬಿಸಿ ಜಾಸ್ತಿ ಆದ್ರೆ ಬ್ರಶ್‌ಲೆಸ್ ಮೋಟರಿನ ಆಯಸ್ಕಾಂತ ಶಕ್ತಿ ಕಳ್ಕೊಳ್ಳತ್ತೆ.

ಕೊನೇಲಿ ಒಬ್ರು ಕೇಳಿದ್ರು, ಹಾಗಾದ್ರೆ ಶುರುವಿಗೆ ಯಾವ ಮೋಟರ್ ಹಾಕ್ಲಿ ಅಂತ. ಕಿಟ್ ಜೊತೆ ಬಂದ 540 ಸೈಜಿನ ಮೋಟರ್ ಇದ್ರೆ ಅದೇ ಓಡ್ಸಿ, ರೇಸ್ ಆಡ್ಬೇಕು ಅಂತಿದ್ರೆ ನಿಮ್ಮ ಕ್ಲಬ್ಬಲ್ಲಿ ಯಾವ ಕ್ಲಾಸ್ ಓಡತ್ತೆ ನೋಡಿ ಅದನ್ನೇ ತಗೊಳ್ಳಿ, 21.5 ಅಥ್ವಾ 17.5 ಟರ್ನ್ ಬ್ರಶ್‌ಲೆಸ್ ಹೊಸಬ್ರಿಗೆ ಧಾರಾಳ ಆಯ್ತು, ಟರ್ನ್ ಕಮ್ಮಿ ಆದಷ್ಟೂ ಮೋಟರ್ ಜೋರು ಅನ್ನೋದು ನೆನಪಿರ್ಲಿ. ಬ್ಯಾಟ್ರಿ ಎರಡು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಆದ್ರೆ ಚಾರ್ಜ್ 8.40 ವೋಲ್ಟ್ ದಾಟಬಾರ್ದು, ಇಎಸ್‌ಸಿಯಲ್ಲಿ (ಮೋಟರ್ ವೇಗ ನಿಯಂತ್ರಿಸೋ ಎಲೆಕ್ಟ್ರಾನಿಕ್ ಡಬ್ಬಿ) ಲಿಪೊ ಕಟ್‌ಆಫ್ ಆನ್ ಮಾಡಿ, ಯಾವ ಸೆಲ್ಲೂ 3 ವೋಲ್ಟ್‌ಗಿಂತ ಕೆಳಗೆ ಹೋಗ್ಬಾರ್ದು. ವಾರಗಟ್ಲೆ ಓಡ್ಸಲ್ಲ ಅಂದ್ರೆ ಪೂರ್ತಿ ಚಾರ್ಜ್ ಮಾಡಿ ಇಡಬೇಡಿ, ಸೆಲ್ಲಿಗೆ 3.8 ವೋಲ್ಟ್ ಹತ್ರ ಬಿಟ್ಟಿಡಿ. ಉಬ್ಬಿರೋ ಬ್ಯಾಟ್ರಿನ ಇನ್ನೊಂದು ಸಲ ಮಾತ್ರ ಅಂತ ಚಾರ್ಜರ್‌ಗೆ ಹಾಕ್ಬೇಡಿ. ಮತ್ತೆ ಆನ್ ಮಾಡೋವಾಗ ಮೊದ್ಲು ಟ್ರಾನ್ಸ್‌ಮಿಟರ್, ಆಮೇಲೆ ಕಾರು. ಆಫ್ ಮಾಡೋವಾಗ ಮೊದ್ಲು ಕಾರು.